ಒಂದು ತಟ್ಟೆ ಊಟ, ಒಂದು ವರ್ಷ ಜೈಲು

ಸೇನೆಯಿಂದ ನಿವೃತ್ತರಾದ ಓದುಗರೊಬ್ಬರ ಪತ್ರ: ‘ಆಜ್ಞೆ ಮೀರಿದ ಸೈನಿಕರ ಶಿಕ್ಷೆಯನ್ನು ಕೋರ್ಟುಗಳು ಕಡಿಮೆ ಮಾಡುತ್ತಾ ಹೋದರೆ ಶಿಸ್ತು ಉಳಿಯುತ್ತದೆಯೇ? ಫ್ಯಾನ್ ಕೆಳಗೆ ಕೂತವರಿಗೆ ಗಡಿಯ ಕಷ್ಟ ಏನು ಗೊತ್ತು?’

ಸಂಪಾದಕರ ಉತ್ತರ: ನಿಮ್ಮ ಕಾಗದ ಎರಡು ಸಲ ಓದಿದೆ ಸಾರ್. ಅಕ್ಷರಗಳು ಕವಾಯತಿಗೆ ನಿಂತ ಹಾಗಿವೆ. ಗುಂಡು ಹಾರುವ ಜಾಗದಲ್ಲಿ ‘ಯಾಕೆ, ಏನು’ ಅಂತ ಕೇಳುತ್ತಾ ಕೂರೋಕಾಗಲ್ಲ, ಒಪ್ಪಿದೆ.

ಆದರೆ ಕೋರ್ಟಿಗೆ ಬರುವುದೆಲ್ಲ ಗಡಿಯ ಕಥೆಯಲ್ಲ. 1985ರಲ್ಲಿ ಸೇನೆಯ ಸಂದೇಶ ವಿಭಾಗದ ಒಬ್ಬ ಸಿಗ್ನಲ್‌ಮನ್‌ನನ್ನು 28 ದಿನದ ಶಿಕ್ಷೆಗೆಂದು ಕೋಳ ಹಾಕಿ ಸೇನೆಯ ಕಾವಲು ಕೋಣೆಯಾದ ಕ್ವಾರ್ಟರ್ ಗಾರ್ಡ್‌ನಲ್ಲಿ ಇಟ್ಟಿದ್ದರು. ಮಾಡಿದ ತಪ್ಪು? ತನ್ನ ಅಧಿಕಾರಿಯ ಮೇಲೆ ನೇರವಾಗಿ ಮೇಲಿನವರಿಗೆ ದೂರು ಬರೆದಿದ್ದ. ಮಧ್ಯಾಹ್ನ ಮೂರೂವರೆಗೆ ಸುಬೇದಾರರು ‘ಊಟ ಮಾಡು’ ಅಂದರು. ಮಾಡಲಿಲ್ಲ. ಮರುದಿನವೇ ಕೋರ್ಟ್ ಮಾರ್ಷಲ್ (ಸೇನೆಯೊಳಗಿನ ವಿಚಾರಣೆ), ಒಂದು ವರ್ಷ ಜೈಲು, ಕೆಲಸದಿಂದ ವಜಾ. ವಿಚಾರಣೆಗೆ ಕೂತವರಲ್ಲಿ ಅವನು ದೂರು ಕೊಟ್ಟಿದ್ದ ಅದೇ ಅಧಿಕಾರಿಯೂ ಇದ್ದರು! 1987ರಲ್ಲಿ ಸುಪ್ರೀಂ ಕೋರ್ಟ್ ಎಲ್ಲವನ್ನೂ ರದ್ದು ಮಾಡಿ ಅವನನ್ನು ವಾಪಸ್ ಕೆಲಸಕ್ಕೆ ಸೇರಿಸಿತು. ಇದನ್ನು ಕರುಣೆ ಅಂತೀರಾ? ಗುಬ್ಬಿ ಮೇಲೆ ಬಿಟ್ಟ ಬ್ರಹ್ಮಾಸ್ತ್ರವನ್ನು ಹಿಂದಕ್ಕೆ ಕರೆದರು, ಅಷ್ಟೇ.

ಸೇನಾ ಕಾಯ್ದೆಯ 41ನೇ ಕಲಂ ತೆಗೆದು ನೋಡಿ. ಬೇಕೆಂದೇ ಧಿಕ್ಕರಿಸಿದರೆ 14 ವರ್ಷದವರೆಗೂ ಜೈಲಿದೆ. ಆದರೆ ಅಲ್ಲಿರುವ ಮಾತು ‘ಕಾನೂನುಬದ್ಧ ಆಜ್ಞೆ’, ಬರೀ ಆಜ್ಞೆ ಅಲ್ಲ.

1930ರ ಏಪ್ರಿಲ್ 23ರಂದು ಪೇಶಾವರದಲ್ಲಿ, ಬರಿಗೈಯಲ್ಲಿದ್ದ ಜನರ ಮೇಲೆ ಗುಂಡು ಹಾರಿಸಿ ಅಂದಾಗ ಬ್ರಿಟಿಷರ ಸೇನೆಯಲ್ಲಿದ್ದ ಚಂದ್ರಸಿಂಗ್ ಗಢ್ವಾಲಿ ಮತ್ತು ಜೊತೆಯವರು ಬಂದೂಕು ಎತ್ತಲಿಲ್ಲ. ಕೋರ್ಟ್ ಮಾರ್ಷಲ್ ಮೆತ್ತಗಾಗಲೇ ಇಲ್ಲ, ಗಢ್ವಾಲಿಯವರಿಗೆ ಜೀವಾವಧಿ ಕೊಟ್ಟಿತು. 1994ರಲ್ಲಿ ನಮ್ಮ ಸರ್ಕಾರ ಅವರದೇ ಅಂಚೆಚೀಟಿ ತಂದಿತು. ನಿಮ್ಮ ಲಕೋಟೆ ಮೇಲೆ ಅದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ವಾ?

ನನ್ನ ಸಿಟ್ಟು ನಿಮ್ಮ ಮೇಲಲ್ಲ. ‘ಶಿಸ್ತು’ ಅನ್ನುವ ಚೀಟಿಯನ್ನು ನಾವು ಸುಮ್ನೆ ಎಲ್ಲದಕ್ಕೂ ಅಂಟಿಸುತ್ತೇವೆ. ಪ್ರಶ್ನೆ ಕೇಳಿದ ಹುಡುಗ ಅಧಿಕಪ್ರಸಂಗಿ. ಆಫೀಸಿನಲ್ಲಿ ತಪ್ಪು ತೋರಿಸಿದವನು ತಲೆಹರಟೆ. ನಾನು ಈ ಕಸುಬಿಗೆ ಬಂದ ಹೊಸದರಲ್ಲಿ, ಬದುಕಿದ್ದ ಒಬ್ಬರ ಹೆಸರಿನ ಮುಂದೆ ‘ದಿವಂಗತ’ ಅಂತ ಇತ್ತು. ಹಿರಿಯರಿಗೆ ತೋರಿಸಿದೆ. ‘ಹೇಳಿದಷ್ಟು ಮಾಡು’ ಅಂದರು. ಮಾಡಿದೆ. ಮರುದಿನ ಬೆಳಿಗ್ಗೆ ದಿವಂಗತರು ಪತ್ರಿಕೆ ಕೈಲಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ಹಿರಿಯರು ಅವತ್ತು ರಜೆ.