ಉಪ್ಪುನೀರಿನ ತೊಟ್ಟಿಯ ಹಳೆಯ ಕಲ್ಲು, ಮರಳು

ಪ್ರಶ್ನೆ: ಮನೆ ಬದಲಿಸುವಾಗ ಸಮುದ್ರ ಮೀನಿನ ಅಕ್ವೇರಿಯಂ ಖಾಲಿ ಮಾಡಿ, ಕಲ್ಲು ಮತ್ತು ಮರಳನ್ನು ಒದ್ದೆಯಾಗಿಯೇ ಬಕೆಟ್‌ಗಳಲ್ಲಿ ಮುಚ್ಚಿಟ್ಟಿದ್ದೆವು. ಈಗ ಕೊಳೆತ ಮೊಟ್ಟೆಯ ವಾಸನೆ. ಮತ್ತೆ ಬಳಸಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಕಲ್ಲನ್ನು ಉಳಿಸಿಕೊಳ್ಳಿ, ಮರಳಿನ ಆಸೆ ಬಿಡಿ. ಆ ವಾಸನೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲದ್ದು. ಗಾಳಿಯಾಡದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಹುಟ್ಟಿಸುತ್ತವೆ. ಬಕೆಟ್‌ನ ಮುಚ್ಚಳವನ್ನು ತಾರಸಿಯಲ್ಲೇ ತೆರೆಯಿರಿ. ಮರಳಿನಲ್ಲಿ ಕಪ್ಪು ಪದರ ಕಾಣಿಸುತ್ತದೆ, ಮೀನಿನ ಹಿಕ್ಕೆ, ತಿನ್ನದೆ ಬಿಟ್ಟ ಆಹಾರ ಎಲ್ಲವೂ ಅಲ್ಲೇ ಸೇರಿರುತ್ತದೆ. ಅದನ್ನು ತೊಳೆಯಲು ಸುರಿಯುವ ನೀರಿನ ಲೆಕ್ಕ ಹಾಕಿದರೆ ಹೊಸ ಮರಳೇ ವಾಸಿ. ಹೂಕುಂಡಕ್ಕಂತೂ ಹಾಕಬೇಡಿ, ಉಪ್ಪಿಗೆ ಗಿಡ ಸಾಯುತ್ತದೆ.

ಕಲ್ಲನ್ನು ಬ್ರಷ್‌ನಿಂದ ಉಜ್ಜಿ, ಸುವಾಸನೆ ಬೆರೆಸದ ಬ್ಲೀಚ್ ಹಾಕಿದ ನೀರಿನಲ್ಲಿ ನೆನೆಸಿ. ಹಲವು ಸಲ ತೊಳೆದು, ಕ್ಲೋರಿನ್ ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗೆ ಹಾಕಿ. ಬ್ಲೀಚ್ ಜೊತೆ ಆಸಿಡ್ ಬೆರೆಸಿದರೆ ಪ್ರಾಣಕ್ಕೇ ಕುತ್ತು. ಚೆನ್ನಾಗಿ ಒಣಗಿದ ಕಲ್ಲು ಗೋಣಿಚೀಲದಲ್ಲಿ ವರ್ಷಗಟ್ಟಲೆ ಕೆಡದು. ಆದರೆ ಹಿಕ್ಕೆ, ಆಹಾರ ಕೊಳೆತಾಗ ನೀರಿಗೆ ಸೇರುವ ಅಮೋನಿಯ, ನೈಟ್ರೈಟ್ ಎಂಬ ವಿಷಗಳನ್ನು ನಿವಾರಿಸುವ ಉಪಕಾರಿ ಬ್ಯಾಕ್ಟೀರಿಯಾ ಅದರೊಳಗೆ ಸತ್ತಿರುತ್ತದೆ. ಹೊಸ ತೊಟ್ಟಿಯಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ಮೀನು ಬಿಡಬೇಡಿ.

ಹಿಂದೆ ಮೀನಿನ ರೋಗಕ್ಕೆ ತಾಮ್ರದ ಔಷಧ ಹಾಕಿದ್ದಿರಾ? ಹಾಗಿದ್ದರೆ ಸಿಗಡಿ ಸಾಕುವ ತೊಟ್ಟಿಗೆ ಆ ಕಲ್ಲು ಬೇಡವೇ ಬೇಡ; ಕಲ್ಲು ಹೀರಿಕೊಂಡ ತಾಮ್ರ ಸಿಗಡಿಗೆ ವಿಷ.