ಹೊಡೆಯದಿದ್ದರೂ ಅದು ದೌರ್ಜನ್ಯವಾ?

ಪಕ್ಕದ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಅಕ್ಕನಿಗೆ ಗಂಡ ಹೊಡೆಯುವುದಿಲ್ಲ, ಕೂಲಿ ಮಾತ್ರ ಕಿತ್ತುಕೊಳ್ಳುತ್ತಾನೆ, ಇದೂ ದೌರ್ಜನ್ಯವಾ ಎಂದು ಕೇಳಿದ್ದೀರಿ. ಹೌದು, ಖಂಡಿತ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹೊಡೆತ, ಲೈಂಗಿಕ ಹಿಂಸೆ, ಬೈಗುಳ, ಅವಮಾನದ ಜೊತೆ ಹಣದ ಹಿಂಸೆಯೂ ಸೇರಿದೆ.

ನಮ್ಮ ಕೊಡಗಿನ ತೋಟಗಳಲ್ಲಿ ಇದು ಕಣ್ಣಿಗೆ ಬೀಳುವುದೇ ಕಷ್ಟ. ದಿನವಿಡೀ ಕಾಫಿ ಕುಯ್ದವಳು, ಬಟವಾಡೆಯಾದ ಸಂಜೆಯೇ ಮಗುವಿನ ಕೆಮ್ಮಿನ ಔಷಧಿಗೆ ಗಂಡನ ಮುಂದೆ ಕೈಚಾಚಬೇಕು. ಸಹಿಸಿಕೊಂಡರೆ ಸರಿಹೋಗುತ್ತೆ ಅಂತಾರೆ ಅಲ್ವಾ? ಸುಮ್ನೆ ಮಾತು. ನಿದ್ದೆ ಕೆಡುತ್ತದೆ, ತಲೆನೋವು ಬಿಡುವುದಿಲ್ಲ, ಖಿನ್ನತೆ ಹಿಡಿಯುತ್ತದೆ. ನೋಡುತ್ತಾ ಬೆಳೆಯುವ ಮಕ್ಕಳೂ ನಲುಗುತ್ತಾರೆ.

ಅಕ್ಕ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಲಿ, ತುರ್ತಾದರೆ 112. ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಯಲ್ಲೂ ದೂರು ಕೊಡಬಹುದು. ಕಾನೂನು ಸೇವಾ ಪ್ರಾಧಿಕಾರದಿಂದ ಹೆಂಗಸರಿಗೆ ವಕೀಲರು ಉಚಿತ.