ಕಾಂಟ್ಯಾಕ್ಟ್‌ನಲ್ಲಿ ಪಟಪಟ ಸದ್ದು: ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮೊದಲು ನೋಡಬೇಕಾದದ್ದು

ನಮಸ್ಕಾರ ಸರ್. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಾಲ್ಕು ಕೋರ್‌ಗಳ ಪ್ರೊಸೆಸರ್, 8 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್ ಇರುವ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶ ಬಳಸಿ ಭಾವಗೀತೆಯೊಂದಕ್ಕೆ ಹಿನ್ನೆಲೆ ಸಂಗೀತ ಕೂಡಿಸುತ್ತಿದ್ದೀರಿ. ತಂಬೂರಿ, ತಬಲಾ, ಕೊಳಲು ಎಲ್ಲ ಸೇರಿ ಹದಿನಾಲ್ಕು ಟ್ರ್ಯಾಕ್‌ಗಳಾದ ಮೇಲೆ, ಮುದ್ರಿಸಿಟ್ಟ ವಾದ್ಯಗಳ ಧ್ವನಿಯನ್ನು ಕೀಲಿಮಣೆಯಿಂದ ನುಡಿಸುವ ತಂತ್ರಾಂಶವಾದ ಕಾಂಟ್ಯಾಕ್ಟ್‌ನ ಸ್ಟ್ರಿಂಗ್ಸ್‌ನಲ್ಲಿ ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಪಟಪಟ ಸದ್ದು ಬರುತ್ತದೆ, ಆದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಶೇ. 35 ದಾಟುವುದಿಲ್ಲ ಎಂದಿದ್ದೀರಿ. ಈ ಗುಂಪಿನ ಇಬ್ಬರು ಹೊಸ ಲ್ಯಾಪ್‌ಟಾಪ್ ಕೊಳ್ಳಲು ಸೂಚಿಸಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಪಟಪಟ ಸದ್ದಿಗೆ ಕಾರಣಗಳು ಹಲವು, ಒಂದೊಂದಕ್ಕೂ ಮದ್ದು ಬೇರೆ. ಯಾವುದೆಂದು ತಿಳಿಯುವ ಮೊದಲೇ ದುಡ್ಡು ಹಾಕಿದರೆ ಅದೇ ಸದ್ದು ಹೊಸ ಯಂತ್ರದಲ್ಲೂ ಕೇಳಿಸಬಹುದು.

ಮೊದಲಿಗೆ ಆ ಶೇ. 35ರ ಲೆಕ್ಕ ನೋಡೋಣ. ಟಾಸ್ಕ್ ಮ್ಯಾನೇಜರ್ ತೋರಿಸುವುದು ಎಲ್ಲ ಕೋರ್‌ಗಳ ಸರಾಸರಿಯನ್ನು. ಒಂದು ಟ್ರ್ಯಾಕಿನ ವಾದ್ಯ ಮತ್ತು ಅದರ ಮೇಲೆ ಸಾಲಾಗಿ ಕೂಡಿಸಿದ ಎಫೆಕ್ಟ್‌ಗಳು ಒಂದರ ನಂತರ ಒಂದು ನಡೆಯಬೇಕಾದ್ದರಿಂದ ಆ ಕೆಲಸ ಬಹುಮಟ್ಟಿಗೆ ಒಂದೇ ಕೋರ್‌ನ ತಲೆಯ ಮೇಲೆ ಬೀಳುತ್ತದೆ. ಆ ಒಂದು ಕೋರ್ ಏದುಸಿರು ಬಿಡುತ್ತಿದ್ದು ಉಳಿದ ಮೂರು ಕೈಕಟ್ಟಿ ಕುಳಿತಿದ್ದರೂ ಸರಾಸರಿ ಶೇ. 25 ಎಂದೇ ಕಾಣುತ್ತದೆ. ಇದಕ್ಕಿಂತ ಮುಖ್ಯವಾದದ್ದು ಗಡುವು. ಕಂಪ್ಯೂಟರ್ ಧ್ವನಿಯನ್ನು ಸ್ಯಾಂಪಲ್ ಎಂಬ ಅತಿ ಸಣ್ಣ ಅಳತೆಗಳಾಗಿ ತಯಾರಿಸಿ, ತುಣುಕುತುಣುಕಾಗಿ ಬಫರ್‌ನಲ್ಲಿ ಇಡುತ್ತದೆ. ನೀವು ಇಟ್ಟಿರುವ 128 ಸ್ಯಾಂಪಲ್‌ಗಳ ಬಫರ್ 44.1 ಕಿಲೋಹರ್ಟ್ಸ್‌ನಲ್ಲಿ 2.9 ಮಿಲಿಸೆಕೆಂಡ್ ಆಗುತ್ತದೆ, ಪ್ರತಿ 2.9 ಮಿಲಿಸೆಕೆಂಡಿಗೊಮ್ಮೆ ಮುಂದಿನ ತುಣುಕು ತಯಾರಿರಬೇಕು, ಒಂದು ಸಲ ತಡವಾದರೂ ಕಿವಿಗೆ ಪಟ್ ಎಂದು ಕೇಳಿಸುತ್ತದೆ. ರೀಪರ್‌ನ ವ್ಯೂ ಮೆನುವಿನಲ್ಲಿರುವ ಪರ್ಫಾರ್ಮೆನ್ಸ್ ಮೀಟರ್ ತೆರೆದು ಆರ್‌ಟಿ ಸಿಪಿಯು ಎಂಬ ಅಂಕಿಯನ್ನು ನೋಡಿ. ಗಡುವಿನ ಎಷ್ಟು ಪಾಲು ಬಳಕೆಯಾಗುತ್ತಿದೆ ಎಂಬುದನ್ನು ಹೇಳುವುದು ಅದು. ಯಾವ ಟ್ರ್ಯಾಕ್ ಎಷ್ಟು ತಿನ್ನುತ್ತಿದೆ ಎಂಬುದೂ ಅಲ್ಲಿಯೇ ಕೆಳಗೆ ಕಾಣಿಸುತ್ತದೆ.

ಬಫರ್ ಅನ್ನು 256ಕ್ಕೆ ಏರಿಸಲು ಹಿಂಜರಿಯಬೇಡಿ. ಅದು 5.8 ಮಿಲಿಸೆಕೆಂಡ್. ಕಚೇರಿಯಲ್ಲಿ ತಬಲಾದವರು ನಿಮ್ಮಿಂದ 3 ಮೀಟರ್ ದೂರ ಕುಳಿತಿದ್ದರೆ ಅವರ ಪೆಟ್ಟು ಗಾಳಿಯಲ್ಲಿ ನಿಮ್ಮ ಕಿವಿಗೆ ಬರಲು ಸುಮಾರು 9 ಮಿಲಿಸೆಕೆಂಡ್ ಹಿಡಿಯುತ್ತದೆ, ಅದರಿಂದ ಯಾರ ತಾಳವೂ ತಪ್ಪಿಲ್ಲ. ಸೌಂಡ್ ಡ್ರೈವರ್ ತನ್ನ ಪಾಲಿನ ವಿಳಂಬವನ್ನು ಸೇರಿಸಿದರೂ ನಿಧಾನವಾಗಿ ಏರುವ ಸ್ಟ್ರಿಂಗ್ಸ್ ನುಡಿಸುವಾಗ ಅದು ಗೊತ್ತಾಗುವುದಿಲ್ಲ. 64ರಲ್ಲೇ ನುಡಿಸಬೇಕೆಂಬ ಹಟ ನಮ್ಮ ಗುಂಪಿನಲ್ಲಿ ಏಕೆ ಇಷ್ಟು ಹಬ್ಬಿದೆಯೋ ನನಗೆ ಅರ್ಥವಾಗಿಲ್ಲ.

ಇಷ್ಟಾದರೂ ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಅನುಮಾನ ಇರುವುದು ಹಾರ್ಡ್ ಡಿಸ್ಕಿನ ಮೇಲೆ, ಏಕೆಂದರೆ ಸದ್ದು ಬರುವುದು ಸ್ವರಗಳನ್ನು ಒತ್ತಿ ಹಿಡಿದಾಗ ಎಂದು ನೀವೇ ಬರೆದಿದ್ದೀರಿ. ಡಿಎಫ್‌ಡಿ (ಡೈರೆಕ್ಟ್ ಫ್ರಮ್ ಡಿಸ್ಕ್) ಕ್ರಮದಲ್ಲಿ ಕಾಂಟ್ಯಾಕ್ಟ್ ಪ್ರತಿ ಸ್ಯಾಂಪಲ್‌ನ (ಇಲ್ಲಿ ಅದರ ಅರ್ಥ ಮುದ್ರಿಸಿಟ್ಟ ಒಂದು ಸ್ವರ) ಆರಂಭದ ಚೂರನ್ನು ಮಾತ್ರ ರ್‍ಯಾಮ್‌ನಲ್ಲಿ ಇಟ್ಟುಕೊಂಡು, ನೀವು ಕೀಲಿ ಒತ್ತಿದ ಮೇಲೆ ಉಳಿದದ್ದನ್ನು ಡಿಸ್ಕಿನಿಂದ ಓದಿಕೊಳ್ಳುತ್ತದೆ. ನಾಲ್ಕು ಸ್ವರ, ಪ್ರತಿಯೊಂದಕ್ಕೂ ಮೂರು ಮೈಕ್‌ಗಳ ಧ್ವನಿ, ಒಂದರಲ್ಲೊಂದು ಬೆರೆಯುವ ಮೂರು ಡೈನಾಮಿಕ್ ಪದರಗಳು (ಮೆಲ್ಲಗೆ, ಮಧ್ಯಮ, ಜೋರಾಗಿ ನುಡಿಸಿದ್ದು) ಎಂದು ಹಿಡಿದರೆ, ನಿಮ್ಮ ಒಂದು ಕೈಯ ಕಾರ್ಡ್‌ಗೆ (ಒಟ್ಟಿಗೆ ಒತ್ತಿದ ಸ್ವರಗಳ ಗುಂಪಿಗೆ) 36 ಧ್ವನಿಗಳು ಒಟ್ಟಿಗೆ ನುಡಿಯುತ್ತವೆ. 24 ಬಿಟ್ ಸ್ಟೀರಿಯೊ ಧ್ವನಿಯೊಂದಕ್ಕೆ, ಸಂಕುಚಿತಗೊಳಿಸದಿದ್ದರೆ, ಸೆಕೆಂಡಿಗೆ ಸುಮಾರು 265 ಕೆಬಿ ಬೇಕು. ಒಟ್ಟು 10 ಎಂಬಿಯೂ ಆಗುವುದಿಲ್ಲ, ಆ ಮಟ್ಟಿಗೆ ಹಾರ್ಡ್ ಡಿಸ್ಕ್ ಧಾರಾಳವಾಗಿ ಕೊಡಬಲ್ಲದು. ತೊಡಕಿರುವುದು ಹುಡುಕಾಟದಲ್ಲಿ. ಹಾರ್ಡ್ ಡಿಸ್ಕಿನ ಓದುವ ಮುಳ್ಳು ತಿರುಗುವ ತಟ್ಟೆಯ ಮೇಲೆ ಒಂದು ಕಡತದಿಂದ ಇನ್ನೊಂದಕ್ಕೆ ಸರಿಯಲು ಪ್ರತಿ ಸಲ 12 ಮಿಲಿಸೆಕೆಂಡ್ ತೆಗೆದುಕೊಂಡರೂ 36 ಕಡತಗಳನ್ನು ಒಂದು ಸುತ್ತು ಮುಟ್ಟಿ ಬರಲು 432 ಮಿಲಿಸೆಕೆಂಡ್ ಬೇಕಾಗುತ್ತದೆ. ಪ್ರಿಲೋಡ್, ಅಂದರೆ ಮೊದಲೇ ತಂದಿಟ್ಟ ಚೂರಿನ ಗಾತ್ರ, 60 ಕೆಬಿ ಇದ್ದರೆ ರ್‍ಯಾಮ್‌ನಲ್ಲಿ ಕಾದಿರುವ ಚೂರು ಸುಮಾರು 227 ಮಿಲಿಸೆಕೆಂಡಿಗೇ ಮುಗಿದಿರುತ್ತದೆ. ಹಾಗಾಗಿ ಸ್ವರದ ಆರಂಭ ಚೆನ್ನಾಗಿ ಕೇಳಿಸಿ, ಹಿಡಿದ ಮೇಲೆ ಧ್ವನಿ ತುಂಡುತುಂಡಾಗತೊಡಗುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ಅದೇ ಕಾರ್ಡನ್ನು ಹಿಡಿದು ಕಾಂಟ್ಯಾಕ್ಟ್‌ನ ಮೇಲ್ಪಟ್ಟಿಯಲ್ಲಿರುವ ಡಿಸ್ಕ್ ಮೀಟರನ್ನು ನೋಡಿ. ಸಿಪಿಯು ಮೀಟರ್ ತಣ್ಣಗಿದ್ದು ಡಿಸ್ಕ್ ಮೀಟರ್ ಜಿಗಿದರೆ ಕಾರಣ ಸಿಕ್ಕಂತೆ.

ಅದಕ್ಕೆ ಪರಿಹಾರ ಎಸ್‌ಎಸ್‌ಡಿ. ಅದು ಕಡತಗಳನ್ನು ಚಿಪ್‌ಗಳಲ್ಲಿ ಇಡುತ್ತದೆ, ಸರಿಯಬೇಕಾದ ಮುಳ್ಳೇ ಇಲ್ಲ. ಹಾರ್ಡ್ ಡಿಸ್ಕ್ ಇರುವ ಜಾಗಕ್ಕೇ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹೊಂದುತ್ತದೆ, ದುಬಾರಿಯದು ಬೇಕಾಗಿಲ್ಲ. ಹಾಕಿಸಿದ ಮೇಲೆ ಇನ್ನೊಂದು ಲಾಭವೂ ಇದೆ: ಕಾಂಟ್ಯಾಕ್ಟ್‌ನ ಆಪ್ಷನ್ಸ್‌ನಲ್ಲಿ ಮೆಮೊರಿ ವಿಭಾಗಕ್ಕೆ ಹೋಗಿ ಪ್ರಿಲೋಡ್ ಗಾತ್ರವನ್ನು 60 ಕೆಬಿಯಿಂದ 18 ಅಥವಾ 12ಕ್ಕೆ ಇಳಿಸಬಹುದು, ಆಗ ಅದೇ ವಾದ್ಯಗಳು ಬಹಳ ಕಡಿಮೆ ರ್‍ಯಾಮ್‌ನಲ್ಲಿ ಕೂರುತ್ತವೆ. ಇದನ್ನು ಈಗಿನ ಹಾರ್ಡ್ ಡಿಸ್ಕ್ ಇರುವಾಗ ಮಾಡಲೇಬೇಡಿ, ಸದ್ದು ಇನ್ನಷ್ಟು ಹೆಚ್ಚುತ್ತದೆ. ಎಸ್‌ಎಸ್‌ಡಿ ಬರುವ ತನಕ ಸ್ಟ್ರಿಂಗ್ಸ್‌ನಲ್ಲಿ ಒಂದೇ ಮೈಕ್ ಉಳಿಸಿಕೊಂಡು ಉಳಿದೆರಡರ ಸ್ಯಾಂಪಲ್‌ಗಳನ್ನು ಮೆಮೊರಿಯಿಂದ ಇಳಿಸಿಬಿಡಿ. ಮೇಲಿನ ಲೆಕ್ಕದಲ್ಲಿ 36 ಇದ್ದದ್ದು 12 ಆಗುತ್ತದೆ. ಕಾಂಟ್ಯಾಕ್ಟ್‌ನ ಪರ್ಜ್ ಮೆನುವನ್ನೂ ಬಳಸಿ. ರೀಸೆಟ್ ಮಾರ್ಕರ್ಸ್ ಒತ್ತಿ, ಹಾಡನ್ನು ಪೂರ್ತಿ ಒಮ್ಮೆ ನುಡಿಸಿ, ಅಪ್‌ಡೇಟ್ ಸ್ಯಾಂಪಲ್ ಪೂಲ್ ಒತ್ತಿದರೆ ಆ ಹಾಡಿನಲ್ಲಿ ಮುಟ್ಟದ ಸ್ಯಾಂಪಲ್‌ಗಳೆಲ್ಲ ರ್‍ಯಾಮ್‌ನಿಂದ ಇಳಿಯುತ್ತವೆ.

ಇನ್ನು ತಂಬೂರಿ. ಹಾಡಿನ ಉದ್ದಕ್ಕೂ ಒಂದೇ ಶ್ರುತಿಯಲ್ಲಿ ಮಿಡಿಯುವ ತಂಬೂರಿಯನ್ನು ಕಾಂಟ್ಯಾಕ್ಟ್‌ನಲ್ಲಿ ತೆರೆದೇ ಇಡಲು ಕಾರಣವಿಲ್ಲ. ಟ್ರ್ಯಾಕಿನ ಮೇಲೆ ಬಲ ಕ್ಲಿಕ್ ಮಾಡಿ ಫ್ರೀಜ್ ಆಯ್ದುಕೊಂಡರೆ ರೀಪರ್ ಅದನ್ನು ಆಡಿಯೊ ಆಗಿ ಬರೆದಿಟ್ಟು ವಾದ್ಯವನ್ನು ಮೆಮೊರಿಯಿಂದ ಇಳಿಸುತ್ತದೆ. ಹಾಡುವವರು ಕೊನೆಯ ಗಳಿಗೆಯಲ್ಲಿ ಐದೂವರೆ ಶ್ರುತಿ ಬೇಡ, ಐದಕ್ಕೆ ಇಳಿಸಿ ಎಂದರೆ ಅನ್‌ಫ್ರೀಜ್ ಮಾಡಿ ಶ್ರುತಿ ಬದಲಿಸಿಕೊಳ್ಳಬಹುದು. ತಬಲಾ, ಕೊಳಲು ತೀರ್ಮಾನವಾದ ಕೂಡಲೇ ಅವನ್ನೂ ಹೀಗೆಯೇ ಮಾಡಿ. ಜೊತೆಗೆ, ಈಗ ನುಡಿಸುತ್ತಿರುವ ಟ್ರ್ಯಾಕ್ ಒಂದರಲ್ಲಿ ಮಾತ್ರ ಕೆಂಪು ರೆಕಾರ್ಡ್ ಗುಂಡಿ ಒತ್ತಿರಲಿ. ಬೇರೆ ಟ್ರ್ಯಾಕ್‌ಗಳನ್ನು ರೀಪರ್ ಮುಂದಾಗಿಯೇ ಲೆಕ್ಕ ಹಾಕಿಟ್ಟುಕೊಳ್ಳಬಲ್ಲದು, ಆದರೆ ಆ ಗುಂಡಿ ಒತ್ತಿದ ಟ್ರ್ಯಾಕಿಗೆ ಆ ಸೌಲಭ್ಯವಿಲ್ಲ. ರಿವರ್ಬ್ (ಪ್ರತಿಧ್ವನಿಯ ಎಫೆಕ್ಟ್) ಅನ್ನು ಪ್ರತಿ ಟ್ರ್ಯಾಕಿಗೂ ಬೇರೆಬೇರೆಯಾಗಿ ಹಾಕದೆ ಒಂದೇ ಬಸ್‌ನಲ್ಲಿ (ಹಲವು ಟ್ರ್ಯಾಕ್‌ಗಳು ಬಂದು ಸೇರುವ ಟ್ರ್ಯಾಕ್) ಇಟ್ಟು, ಉಳಿದ ಟ್ರ್ಯಾಕ್‌ಗಳ ಧ್ವನಿಯನ್ನು ಸೆಂಡ್ ಮೂಲಕ ಅಲ್ಲಿಗೆ ಕಳುಹಿಸಿ. ಕಾಂಟ್ಯಾಕ್ಟ್‌ನ ಒಳಗಿನ ಮಲ್ಟಿಪ್ರೊಸೆಸರ್ ಆಯ್ಕೆಯನ್ನು ಆಫ್ ಮಾಡಿ, ಆ ಹಂಚಿಕೆಯನ್ನು ರೀಪರ್‌ಗೇ ಬಿಡಿ.

ಇಷ್ಟರಲ್ಲಿ ಹೋಗದಿದ್ದರೆ ಡ್ರೈವರ್‌ಗಳನ್ನು ನೋಡಬೇಕು. ಇದನ್ನು ಸ್ವಂತ ದುಡ್ಡು ಕಳೆದುಕೊಂಡು ಕಲಿತವನು ನಾನು. ನನ್ನ ಹಿಂದಿನ ಲ್ಯಾಪ್‌ಟಾಪಿನಲ್ಲಿ ಎಂಟು ಹತ್ತು ಸೆಕೆಂಡಿಗೊಮ್ಮೆ, ಏನೂ ನುಡಿಸದಿದ್ದಾಗಲೂ, ಪಟ್ ಎನ್ನುತ್ತಿತ್ತು. ರ್‍ಯಾಮ್ ಸಾಲದೆಂದು ಭಾವಿಸಿ 16 ಜಿಬಿ ಮಾಡಿಸಿಕೊಂಡು ಬಂದ ಸಂಜೆಯೂ ಅದೇ ಲಯದಲ್ಲಿ ಪಟ್ ಎಂದಿತು. ಕೊನೆಗೆ ಯಾವ ಡ್ರೈವರ್ ತಡ ಮಾಡುತ್ತಿದೆ ಎಂದು ತೋರಿಸುವ ಲೇಟೆನ್ಸಿಮಾನ್ ಎಂಬ ಉಚಿತ ತಂತ್ರಾಂಶವನ್ನು ಹತ್ತು ನಿಮಿಷ ಓಡಿಸಿದಾಗ ವೈಫೈ ಡ್ರೈವರ್ ಕೆಂಪಾಗಿ ಕುಳಿತಿತ್ತು. ಅದು ನಡುನಡುವೆ ಪ್ರೊಸೆಸರನ್ನು ಹಲವು ಮಿಲಿಸೆಕೆಂಡ್ ಹಿಡಿದಿಟ್ಟುಕೊಂಡರೆ 2.9 ಮಿಲಿಸೆಕೆಂಡಿನ ಗಡುವು ಉಳಿಯುವುದಾದರೂ ಹೇಗೆ? ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ನಿಲ್ಲಿಸಿದೆ, ಸದ್ದೂ ನಿಂತಿತು. ನುಡಿಸುವಾಗ ಇಂಟರ್‌ನೆಟ್ ಬೇಕಿಲ್ಲವಾದ್ದರಿಂದ ಈಗಲೂ ಹಾಗೆಯೇ ಮಾಡುತ್ತೇನೆ.

ವಿದ್ಯುತ್ ವಿಷಯವೂ ಇದೆ. ಚಾರ್ಜರ್ ಸಿಕ್ಕಿಸದೆ ನುಡಿಸಬೇಡಿ, ಬ್ಯಾಟರಿಯಲ್ಲಿ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಪವರ್ ಪ್ಲಾನ್ ಅನ್ನು ಹೈ ಪರ್ಫಾರ್ಮೆನ್ಸ್‌ಗೆ ಬದಲಿಸಿ, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅನ್ನು ನಿಲ್ಲಿಸಿ. ಅರ್ಧ ಗಂಟೆ ಚೆನ್ನಾಗಿ ನಡೆದು ಆಮೇಲೆ ಸದ್ದು ಶುರುವಾಗುವುದಾದರೆ ಕಾರಣ ಶಾಖ. ಫ್ಯಾನಿನ ಧೂಳು ತೆಗೆಸಿ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟುಕೊಂಡು ನುಡಿಸುವ ಅಭ್ಯಾಸವಿದ್ದರೆ ಅದನ್ನೂ ಬಿಡಿ.

ಈ ವಾರ ಡಿಸ್ಕ್ ಮೀಟರ್ ಪರೀಕ್ಷೆಯನ್ನೂ ಲೇಟೆನ್ಸಿಮಾನ್ ಪರೀಕ್ಷೆಯನ್ನೂ ಮಾಡಿ ಎರಡರ ಚಿತ್ರಗಳನ್ನು ಇಲ್ಲೇ ಹಾಕಿ. ಲ್ಯಾಪ್‌ಟಾಪಿನ ಒಳಗಿನ ಸೌಂಡ್‌ಗೇ ಆಸಿಯೊ ಫೋರ್ ಆಲ್ (ಆಸಿಯೊ ಎಂದರೆ ಧ್ವನಿಯ ವಿಳಂಬ ಕಡಿಮೆ ಇರುವ ಡ್ರೈವರ್ ಬಗೆ) ಹಾಕಿಕೊಂಡಿದ್ದೀರೋ, ಅಥವಾ ಸ್ವಂತ ಆಸಿಯೊ ಡ್ರೈವರ್ ಇರುವ ಆಡಿಯೊ ಇಂಟರ್‌ಫೇಸ್ (ಹೊರಗಿನಿಂದ ಜೋಡಿಸುವ ಸೌಂಡ್ ಪೆಟ್ಟಿಗೆ) ಇದೆಯೋ ಎಂಬುದನ್ನೂ ತಿಳಿಸಿ. ನಿಮ್ಮ ಪ್ರಶ್ನೆಯಲ್ಲಿ ಅದು ಬಂದಿಲ್ಲ. ಒಳಗಿನ ಸೌಂಡ್ ಆಗಿದ್ದರೆ ಎಸ್‌ಎಸ್‌ಡಿಯ ನಂತರ ಕೊಳ್ಳಬೇಕಾದದ್ದು ಇಂಟರ್‌ಫೇಸ್, ಲ್ಯಾಪ್‌ಟಾಪ್ ಅಲ್ಲ.